ಇಪ್ಪತ್ತೆಂಟು ಇಂಚು ನೀರು

ದಾವಣಗೆರೆಯ ಮಂಡಿಪೇಟೆಯ ಮಹಡಿಯೊಂದರಲ್ಲಿ
ಹದಿನಾಲ್ಕು ವರ್ಷ ಪರರ ಹಲ್ಲು ಕಟ್ಟಿದವಳು ನಾನು.
ಮೇಣ, ಪ್ಲಾಸ್ಟರು, ಗುಯ್ಯೆನ್ನುವ ಸಣ್ಣ ಬರ್ರು.
ಬ್ಯಾಲರಾಟ್‌ನ ಈ ತಗಡಿನ ಶೆಡ್ಡಿಗೆ ಬಂದ ದಿನ
ಟ್ರೆವಾರ್ಥ ಕೇಳಿದ್ದು ಒಂದೇ:
ಕಾಣದ ಜಾಗವನ್ನು ಬೆರಳಿಂದ ನೋಡೋಕೆ ಬರುತ್ತಾ?
ಬರುತ್ತೆ ಅಂದೆ. ಬಾಯಿಯನ್ನೇ ನೋಡದೆ
ನಗು ಮಾಡಿ ಕಳಿಸಿದ ಕೈ ಇದು.

ಅಕ್ಟೋಬರ್ ಆದರೂ ನಲ್ಲಿಯ ತುದಿಯಲ್ಲಿ ಹಿಮದ ಚೂರು.
ಮ್ಯಾಗ್‌ಪೈ ಹಕ್ಕಿ ದಾರಿಹೋಕರ ತಲೆಗೆ ಎರಗುವ ತಿಂಗಳು.
ಬೆಂಚಿನ ಹೊಟ್ಟೆಯಲ್ಲಿ ಆರು ವ್ಯಾಕ್ಯೂಮ್ ಮೋಟಾರು,
ಮೇಲೆ ಬೀಡು ಕಬ್ಬಿಣದ ಹಳೇ ಹೆಡ್ಡು,
ಕೆರಿನ್ ಹಾಕಿಂಗಳದ್ದು, ಶನಿವಾರದ ಮಣ್ಣಿನ ಟ್ರ್ಯಾಕಿಗೆ.
ಪೋರ್ಟಿನ ಬಾಯಿಗೆ ಮಕ್ಕಳಾಡುವ ಜೇಡಿಯಿಂದ
ದುಂಡನೆಯ ತುಟಿ ಕಟ್ಟುತ್ತೇವೆ.
ಗಾಳಿಗೆ ಹರಿತ ಅಂಚು ಆಗದು,
ಮರ್ಯಾದೆ ಕಡಿಮೆಯಾದ ಬೀಗಿತ್ತಿಯ ಹಾಗೆ
ಹೊಸಿಲಲ್ಲೇ ಸೆಟೆದು ನಿಲ್ಲುತ್ತದೆ.

ಗಾಜಿನ ನಳಿಗೆಯಲ್ಲಿ ಕೆಂಪು ನೀರು ಏರುತ್ತದೆ.
ಇಪ್ಪತ್ತೆಂಟು ಇಂಚಿಗೆ ನಿಲ್ಲಿಸು ಜಲ್, ಅನ್ನುತ್ತಾನೆ.
ಜಲಜಾಕ್ಷಿ ಪೂರ್ತಿ ಅವನ ನಾಲಿಗೆಗೆ ಹತ್ತದು.
ಜಲ ಅಂದರೆ ನೀರು ಅಂದಿದ್ದೆ ಒಮ್ಮೆ.
ನಳಿಗೆ ತೋರಿಸಿದ್ದ:
ಹಾಗಾದರೆ ನಲವತ್ತು ವರ್ಷದಿಂದ ನಿನ್ನನ್ನೇ ಓದ್ತಿದ್ದೇನೆ.

ಎರಡು ಮಿಲಿಮೀಟರು. ನಾಲ್ಕು. ಆರು.
ವಾಲ್ವ್ ಚೂರೇ ಚೂರು ಇಳಿದಂತೆ ನಾನು ಕೂಗುತ್ತೇನೆ,
ಅವನು ಗೋಡೆಗೆ ಬರೆಯುತ್ತಾನೆ, ಪೆನ್ಸಿಲಿನಲ್ಲಿ.
ಸುಣ್ಣ ಹೊಡೆಯಲು ಹೆಂಡತಿಗೂ ಬಿಡಲಿಲ್ಲವಂತೆ ಆ ಗೋಡೆಗೆ.

ಮೊನ್ನೆ ಅವನಿಲ್ಲದ ಮಧ್ಯಾಹ್ನ
ಮೂರನೆಯ ಪೋರ್ಟಿನ ಒಳತಿರುವನ್ನು ನಾನು ಅಗಲಿಸಿದೆ.
ದೊಡ್ಡ ಬಾಗಿಲಿಗೆ ದೊಡ್ಡ ದಿಬ್ಬಣ, ಅಷ್ಟೇ ನನ್ನ ಲೆಕ್ಕ.
ಕಿಡಿ ಹಾರಿತು, ಕಪ್ಪು ಹುಡಿ ಮೂಗು ತುಂಬಿತು,
ಕನ್ನಡಿಯಂತೆ ಉಜ್ಜಿ
ಹೆಮ್ಮೆಯಿಂದ ಒಮ್ಮೆ ಊದಿಯೂ ಬಿಟ್ಟೆ.

ಇವತ್ತು ಎಂಟರವರೆಗೆ ಸರಿ.
ಒಂಬತ್ತಕ್ಕೆ ಗಾಳಿ ಕೆಮ್ಮಿತು. ಹತ್ತಕ್ಕೆ ಗೊರಗೊರ.
ಕೆಂಪು ನೀರು ಜಾರಿತು, ನಡುಗಿತು.
ತಂತಿಯ ತುದಿಗೆ ಹತ್ತಿಯ ನೂಲು ಕಟ್ಟಿ ಒಳಗೆ ಬಿಟ್ಟರೆ
ಚಾವಣಿಯ ಕೆಳಗೆ ನೆಟ್ಟಗೆ ಮಲಗಿದ್ದು
ತಿರುವಿನ ಬಳಿ ಹುಚ್ಚೆದ್ದು ಸುತ್ತಿ
ಬಂದ ದಾರಿಯ ಕಡೆಗೇ ಮುಖ ಮಾಡಿತು.
ಗಾಳಿ ನೆಲ ಬಿಟ್ಟಿತ್ತು.
ನಾನು ಕೆರೆದು ತೆಗೆದ ನೆಲ.

ಬೈಯಲಿಲ್ಲ. ಮೋಟಾರು ಆರಿಸಿದ.
ಅವನ ಮುತ್ತಜ್ಜ ಕಾರ್ನ್‌ವಾಲಿನಿಂದ
ಈ ಊರಿನ ಚಿನ್ನಕ್ಕೆ ಬಂದವನು,
ಮೇಣದ ಬತ್ತಿಯ ಕುಡಿ ಯಾವ ಕಡೆ ಬಾಗಿತೆಂದು ನೋಡಿ
ಸುರಂಗದಿಂದ ಜೀವಸಹಿತ ಮೇಲೆ ಬಂದವನು.
ಮೊಮ್ಮಗನ ಮಗ ಕೈಚಾಚಿದ: ಜೇಡಿ.

ಹುಣಿಸೆ ಬೀಜದಷ್ಟು.
ನನಗೇ ಕೊಟ್ಟ. ತೋರುಬೆರಳಲ್ಲಿ ಒಯ್ದು
ತಿರುವಿನ ನೆಲಕ್ಕೆ ಮೆತ್ತಿದೆ. ದಾರಿ ಕಿರಿದಾಯಿತು.
ಮೋಟಾರು ಎದ್ದಾಗ ಗೊರಗೊರ ಇಲ್ಲ,
ಹಾಲು ಉಕ್ಕುವ ಮುಂಚಿನ ಸದ್ದು, ಅಷ್ಟೇ.
ನೀರು ಏರಿತು, ಬರ್ರು ತಾಗುವ ಮುಂಚಿನ ಗೆರೆಯನ್ನೂ ದಾಟಿ
ನಿಮಿಷಕ್ಕೆ ಹನ್ನೊಂದು ಘನ ಅಡಿ ಮೇಲೆ ನಿಂತಿತು.
ನಾನು ಎರಡು ಸಲ ಓದಿದೆ.
ಅವನು ಮೂರನೇ ಸಲ ಓದಿಸಿದ.

ಆಮೇಲೆ ನನ್ನ ಹಳೇ ಕಸುಬು.
ಪೋರ್ಟಿನೊಳಗೆ ಗುಲಾಬಿ ರಬ್ಬರು ಸುರಿದು
ಗಟ್ಟಿಯಾಗಲು ಬಿಟ್ಟು, ಮೆಲ್ಲಗೆ ಎಳೆದೆ.
ಕೈಗೆ ಬಂದದ್ದು ಗಾಳಿಯೇ,
ಕತ್ತು ಬಾಗಿಸಿದ, ಬೆಚ್ಚಗಿನ, ತೂಕದ ಗಾಳಿ,
ಬಾಗಿದಲ್ಲಿ ನನ್ನ ಬೆರಳಿನ ಸುಳಿಗೆರೆ.
ಜೇಡಿ ತೆಗೆದು ಎಪಾಕ್ಸಿ ತುಂಬುವಾಗ
ಅದನ್ನೇ ನೋಡಿಕೊಂಡು ತುಂಬಿದೆ.

ಗೋಡೆಯಲ್ಲಿ ಹೊಸ ಸಾಲು:
ಮೂರು, ಜಲ್, ನೂರ ಎಂಬತ್ತೇಳು.
ಅಗಲಿಸಿದ್ದು ಯಾರೆಂದು ಬರೆದಿಲ್ಲ, ಮೆತ್ತಿದ್ದು ಯಾರೆಂದೂ.
ಇನ್ನೂ ಮೂರು ಬಾಯಿ ತೆರೆದು ಕೂತಿವೆ,
ಇವತ್ತು ಗುರುವಾರ.